ಶೆಡ್ಡಿರುವ ಮನೆ

ಇಬ್ಬರಿಗೂ ಒಂದೇ ಸುಳ್ಳು ಹೇಳಿದ್ದರೆ ಇಷ್ಟು ಫಜೀತಿ ಇರುತ್ತಿರಲಿಲ್ಲ ಎಂದು ಮುದ್ದಪ್ಪನಿಗೆ ಹೊಳೆದದ್ದು ಮೇದೇಹಳ್ಳಿ ರಸ್ತೆಯಲ್ಲಿ ಅರ್ಧ ದಾರಿ ಬಂದ ಮೇಲೆ. ಮನೆ ಯಜಮಾನರಾದ ತಿಪ್ಪೇರುದ್ರಪ್ಪನವರಿಗೆ, ಹಿತ್ತಿಲಲ್ಲಿರುವ ಸಿಮೆಂಟ್ ಶೀಟಿನ ಶೆಡ್ಡು ತನಗೆ ಸೌದೆ ಒಟ್ಟಿಕೊಳ್ಳಲು ಬೇಕು ಎಂದು ಹೇಳಿದ್ದ. ಹೆಂಡತಿ ಪಾಲಮ್ಮನಿಗೆ, ತಿಂಗಳಲ್ಲಿ ಮೂರು ದಿನ ನೀನು ಹೊರಗೆ ಕೂರುವುದಕ್ಕೆ ಅಂತಲೇ ಬಿಡಿಸಿ ಹೇಳಿದ್ದೇನೆ, ಅವರು ಧಾರಾಳವಾಗಿ ಒಪ್ಪಿದ್ದಾರೆ ಎಂದು ಹೇಳಿದ್ದ. ಎರಡು ಮಾತುಗಳೂ ಹೇಳುವ ಹೊತ್ತಿಗೆ ಅವನಿಗೇ ನಿಜವೆನಿಸಿದ್ದವು. ಈಗ ಮೇ ತಿಂಗಳ ಈ ಭಾನುವಾರದ ಬಿಸಿಲಲ್ಲಿ ಹೆಂಡತಿ ಮಗಳಿಗೆ ಮನೆ ತೋರಿಸಲು ಕರೆದುಕೊಂಡು ಹೋಗುತ್ತಿರುವಾಗ, ಇನ್ನು ಕಾಲು ಗಂಟೆಯಲ್ಲಿ ಆ ಮನೆಯ ಹೆಂಗಸೂ ತನ್ನ ಮನೆಯ ಹೆಂಗಸೂ ಅದೇ ಶೆಡ್ಡಿನ ಮುಂದೆ ನಿಂತು ಮಾತಿಗೆ ಶುರುವಿಟ್ಟುಕೊಳ್ಳುತ್ತಾರೆ ಎಂಬ ಯೋಚನೆ ಹತ್ತಿಕೊಂಡಿತ್ತು. ಗಂಡಸರು ಮಾತಾಡಿ ಮುಗಿಸಿದ್ದನ್ನು ಹೆಂಗಸರು ಮತ್ತೆ ಮೊದಲಿನಿಂದ ಮಾತಾಡುತ್ತಾರೆ ಎನ್ನುವುದನ್ನು ಅವನು ಮರೆತೇಬಿಟ್ಟಿದ್ದ. ಹಿಂತಿರುಗಿ ನೋಡಿದ. ಪಾಲಮ್ಮ ಹತ್ತು ಹೆಜ್ಜೆ ಹಿಂದೆ ತಲೆ ಮೇಲೆ ಸೆರಗು ಹೊದ್ದು ಬರುತ್ತಿದ್ದಳು. ಮಗಳು ಕಾಟಿ ನಡುವೆ, ರಸ್ತೆ ಬದಿಯ ಬೆಣಚುಕಲ್ಲುಗಳನ್ನು ಒದೆಯುತ್ತ ಬರುತ್ತಿದ್ದಳು.

"ಇನ್ನೂ ಎಷ್ಟು ದೂರಪ್ಪ?" ಎಂದಳು ಕಾಟಿ.

"ಬಂದೇಬಿಡ್ತು. ಆ ನೀರಿನ ಟ್ಯಾಂಕು ಕಾಣ್ತೈತಲ್ಲ, ಅದರ ಹಿಂದಿನ ಸಾಲು. ಅಲ್ಲಿಂದ ನಿನ್ನ ಇಸ್ಕೂಲಿಗೆ ನಾನೂರಾ ಇಪ್ಪತ್ತು ಹೆಜ್ಜೆ."

ಅವನು ಅದನ್ನು ಅಳೆದೇ ಹೇಳುತ್ತಿದ್ದ. ಸರ್ವೆ ಕಚೇರಿಯಲ್ಲಿ ಹಳೆಯ ನಕಾಶೆಗಳನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸುವ ಕೆಲಸ ಅವನದು. ಹನ್ನೆರಡು ವರ್ಷದಿಂದ ಬೇರೆಯವರ ಹೊಲದ ಮೂಲೆಗಲ್ಲುಗಳನ್ನು, ಹಳ್ಳಗಳನ್ನು, ಬಂಡಿದಾರಿಗಳನ್ನು ಇಳಿಸಿ ಇಳಿಸಿ, ಕಣ್ಣಿಗೆ ಬಿದ್ದ ಜಾಗಕ್ಕೆಲ್ಲ ಗೆರೆ ಎಳೆಯುವ ಚಟ ಅಂಟಿಕೊಂಡಿತ್ತು. ಈ ಮನೆ ಹುಡುಕುವ ಕೆಲಸ ಹತ್ತಿಕೊಂಡ ಮೇಲೆ ದುರ್ಗದ ಹೊರವಲಯದ್ದೇ ಒಂದು ನಕಾಶೆ ಮಾಡಿದ್ದ. ಕಚೇರಿ ಎಲ್ಲಿ, ಸಿಸ್ಟರುಗಳ ಶಾಲೆ ಎಲ್ಲಿ, ಸೈಕಲ್ಲಿನಲ್ಲಿ ಎಷ್ಟು ನಿಮಿಷ, ಏರು ಎಲ್ಲಿದೆ, ಮಳೆ ಬಂದರೆ ಕೆಸರಾಗುವ ರಸ್ತೆ ಯಾವುದು, ಎಲ್ಲವೂ ಅದರಲ್ಲಿತ್ತು. ರೈಲು ನಿಲ್ದಾಣದ ಕಡೆಯ ಮನೆಗಳು ಕಚೇರಿಗೆ ಹತ್ತಿರ, ಶಾಲೆಗೆ ದೂರ. ಹಿರಿಯೂರು ರಸ್ತೆಯ ಹಳ್ಳಿಗಳಲ್ಲಿ ಅರ್ಧ ಬಾಡಿಗೆಗೆ ಅಂಗಳವಿರುವ ಮನೆಯೇ ಸಿಗುತ್ತಿತ್ತು, ಆದರೆ ದಿನಾ ಹಿರಿಯೂರಿನ ಕಡೆಯಿಂದ ತುಂಬಿ ಬರುವ ಬಸ್ಸು ಅಲ್ಲಿ ನಿಲ್ಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲ್ಲವನ್ನೂ ಕೂಡಿಸಿ ಕಳೆದು ನೋಡಿದರೆ ಈ ಹೊಸ ಬಡಾವಣೆಯೇ ಸರಿ ಎಂದು ನಕಾಶೆ ಹೇಳುತ್ತಿತ್ತು. ಅದನ್ನು ದೀಪದ ಕೆಳಗೆ ಹಾಸಿ ಪಾಲಮ್ಮನಿಗೆ ತೋರಿಸಿದಾಗ ಅವಳು ಬಹಳ ಹೊತ್ತು ನೋಡಿದಳು. ಓದು ಬಾರದಿದ್ದರೂ ಅವಳಿಗೆ ನಕಾಶೆ ಅರ್ಥವಾಗುತ್ತಿತ್ತು. ಕುರಿ ಹಿಂದೆ ತಿರುಗಿದವಳಿಗೆ ದಿಕ್ಕು ಹೇಳಿಕೊಡಬೇಕಿರಲಿಲ್ಲ. ಮನೆಯ ಚೌಕದ ಮೇಲೆ ಬೆರಳಿಟ್ಟು, "ಇದ್ರಾಗೆ ಹೊರಗಡೆ ಎಲ್ಲೈತೆ?" ಎಂದಳು. ಅವನು ಪೆನ್ಸಿಲಿನಿಂದ ಮನೆಯ ಹಿಂದೆ ಇನ್ನೊಂದು ಸಣ್ಣ ಚೌಕ ಬರೆದ. ಉಳಿದೆಲ್ಲದಕ್ಕೂ ಹೆಸರು ಬರೆದಿದ್ದವನು ಅದಕ್ಕೆ ಮಾತ್ರ ಏನೂ ಬರೆಯಲಿಲ್ಲ.

ಹೊರಗಡೆ ಎಂಬ ಆ ಒಂದು ಮಾತನ್ನು ದುರ್ಗದಲ್ಲಿ ಯಾರ ಮುಂದೆಯೂ ಆಡಲಾಗದೆ, ಹೆಂಡತಿ ಮಗಳನ್ನು ಕರೆತಂದು ಸಂಸಾರ ಹೂಡಿದ ಮೇಲೆ ಅವನು ಐದು ವರ್ಷ ಕಳೆದಿದ್ದ. ದೊಡ್ಡಪೇಟೆಯ ವಠಾರದಲ್ಲಿ ಮನೆಗೆ ಮನೆ ಅಂಟಿಕೊಂಡು, ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಸೀನುವ ಜಾಗ. ಅಲ್ಲಿ ಹೊರಗೆ ಎಂಬುದೇ ಇರಲಿಲ್ಲ. ಹಾಗಾಗಿ ಪಾಲಮ್ಮ ಪ್ರತಿ ತಿಂಗಳೂ ಹೊರಗಾಗುವ ಸೂಚನೆ ಸಿಕ್ಕಿದ ಕೂಡಲೇ ಚೀಲ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಜವನಗೊಂಡನಹಳ್ಳಿಯಲ್ಲಿ ಇಳಿದು ಎರಡು ಮೈಲಿ ನಡೆದರೆ ಅವರ ಗೊಲ್ಲರಹಟ್ಟಿ. ಹಟ್ಟಿಯ ಮುಳ್ಳುಬೇಲಿಯ ಆಚೆ, ಹೆಂಗಸರು ಆ ದಿನಗಳಲ್ಲಿ ಇರುವ ಗುಡ್ಲು. ಬೇರೆ ಹೆಂಗಸರೂ ಇರುತ್ತಿದ್ದರು, ಅಡಿಗೆ ಬೇಯಿಸುವ ಕಾಟವಿಲ್ಲ, ನೀರು ಹೊರುವ ಕಾಟವಿಲ್ಲ, ಒಳಗಿನಿಂದ ಆಗಾಗ ನಗು ಕೇಳುತ್ತಿತ್ತು. ಅವರು ಏನಕ್ಕೆ ನಗುತ್ತಾರೆ ಎಂದು ಮುದ್ದಪ್ಪನಿಗೆ ಇವತ್ತಿನವರೆಗೂ ಗೊತ್ತಾಗಿಲ್ಲ. ಇತ್ತ ದುರ್ಗದಲ್ಲಿ ಆ ಮೂರು ದಿನ ಅವನೇ ಒಲೆ ಹಚ್ಚಬೇಕು, ಮಗಳ ತಲೆ ಬಾಚಿ ಜಡೆ ಹಾಕಬೇಕು. ಜಡೆ ಎಷ್ಟು ಸಲ ಹಾಕಿದರೂ ಒಂದು ಮೇಲೆ ಒಂದು ಕೆಳಗೆ. ಅವಳನ್ನು ಮುನ್ಸಿಪಾಲಿಟಿ ಶಾಲೆಗೆ ಬಿಟ್ಟು ಕಚೇರಿ ಮುಟ್ಟುವ ಹೊತ್ತಿಗೆ ಹತ್ತೂಕಾಲು. ಮೊದಲೆಲ್ಲ ಯಾರೂ ಕೇಳುತ್ತಿರಲಿಲ್ಲ. ತುರ್ತು ಪರಿಸ್ಥಿತಿ ಬಂದ ಮೇಲೆ ಹತ್ತು ಅಂದರೆ ಹತ್ತು, ಸಾಹೇಬರೇ ಹಾಜರಿ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ತಡವಾದವರ ಹೆಸರಿನ ಮುಂದೆ ಕೆಂಪು ಗೆರೆ.

ತಿಂಗಳುಗಳು ಕಳೆದ ಹಾಗೆ ಆ ಕೆಂಪು ಗೆರೆಗಳು ಮುದ್ದಪ್ಪನ ಹೆಸರಿನ ಮುಂದೆ ಮೂರು ಮೂರಾಗಿ ಸಾಲು ಹಿಡಿದವು. ಇಪ್ಪತ್ತೇಳು ದಿನಕ್ಕೊಮ್ಮೆ ಮೂರು, ಮತ್ತೆ ಇಪ್ಪತ್ತೆಂಟಕ್ಕೆ ಮೂರು. ಅದನ್ನು ಮೊದಲು ಗಮನಿಸಿದವನು ಪಕ್ಕದ ಮೇಜಿನ ಓಬಯ್ಯ. ಒಳ್ಳೆಯ ಮನುಷ್ಯ, ಆದರೆ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಪುಸ್ತಕ ತಿರುವಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಏನಪ್ಪ ಮುದ್ದಪ್ಪ, ಪ್ರತಿ ತಿಂಗಳೂ ಮೂರು ದಿನ ತಪ್ಪದಂಗೆ ಬರ್ತೈತಲ್ಲ! ನೀನೇನಾದ್ರೂ ಹೊರಗಾಗ್ತೀಯೇನೋ?" ಎಂದ. ಇಡೀ ಶಾಖೆ ನಕ್ಕಿತು. ಟೀ ತಂದವನೂ ನಕ್ಕ. ಮುದ್ದಪ್ಪನೂ ನಕ್ಕ, ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ. ಆಮೇಲೆ ಸಾಹೇಬರು ಕರೆದು ಕೇಳಿದಾಗ, ಅತ್ತೆಗೆ ಲಕ್ವ ಹೊಡೆದಿದೆ ಸಾರ್, ಹೆಂಡತಿ ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರಬೇಕು ಎಂದ. ಪಾಲಮ್ಮ ಅವನ ಅಕ್ಕನ ಮಗಳೇ. ಹಾಗಾಗಿ ಅವನು ಲಕ್ವ ಹೊಡೆಸಿದ್ದು ತನ್ನನ್ನು ಎತ್ತಿ ಆಡಿಸಿದ ಅಕ್ಕ ದೊಡ್ಡಕ್ಕನಿಗೆ. ಆ ದೊಡ್ಡಕ್ಕ ಎರಡೇ ವಾರಕ್ಕೆ ತಲೆ ಮೇಲೆ ತುಪ್ಪದ ಗಡಿಗೆ ಹೊತ್ತು, ಬಸ್ ಸ್ಟ್ಯಾಂಡಿನಿಂದ ದಡದಡ ನಡೆದು, ತಮ್ಮ ಎಲ್ಲಿ ಎಂದು ಕೇಳುತ್ತ ಕಚೇರಿಯ ಬಾಗಿಲಿಗೇ ಬಂದುಬಿಟ್ಟಳು. ಅವಳನ್ನು ಹುಣಿಸೆಮರದ ಹಿಂದಕ್ಕೆ ಕರೆದೊಯ್ದು, ಯಾರಿಗೂ ಹೆಸರು ಹೇಳಬೇಡ ಎಂದು ಗದರಿ, ಟೀ ಸಹ ಕುಡಿಸದೆ ಕಳಿಸಿದ್ದ. ಅವಳು ಹೋಗುವಾಗ, "ಯಾಕಪ್ಪ, ಏನಾರಾ ಕಷ್ಟದಾಗಿದೀಯ?" ಎಂದಿದ್ದಳು. ಆ ತುಪ್ಪವನ್ನು ಅವನು ತಾನು ಹಾಕಿಕೊಳ್ಳದೆ ಮಗಳ ತಟ್ಟೆಗೇ ಬಡಿಸಿಬಿಡುತ್ತಿದ್ದ.

ಈ ಬೇಸಿಗೆಯಲ್ಲಿ ಪಾಲಮ್ಮ ಒಂದೇ ಮಾತು ಹೇಳಿ ಮುಗಿಸಿದ್ದಳು. "ಕಾಟಿ ಇವತ್ತೋ ನಾಳೆಯೋ ದೊಡ್ಡೋಳಾಗ್ತಾಳೆ. ಇಬ್ಬರೂ ತಿಂಗಳು ತಿಂಗಳು ಬಸ್ಸು ಹತ್ತಾಕಾಗ್ತೈತಾ? ಹೊರಗಡೆ ಜಾಗ ಇರೋ ಮನೆ ನೋಡು. ಇಲ್ಲಾಂದ್ರೆ ನಾನೂ ಮಗಳೂ ಹಟ್ಟಿಗೆ ಹೋಗ್ತೀವಿ. ದೇವರಿರೋ ಮನೆ, ಕೆಡಿಸಾಕೆ ನನ್ನ ಕೈಲಾಗಲ್ಲ." ಜಗಳದ ದನಿಯಿರಲಿಲ್ಲ. ಅದಕ್ಕೇ ಅವನಿಗೆ ಭಯವಾಗಿದ್ದು. ಹಟ್ಟಿಯ ಶಾಲೆ ನಾಲ್ಕನೇ ತರಗತಿಗೆ ನಿಲ್ಲುತ್ತದೆ. ಕಾಟಿ ಆರನೆಯದನ್ನು ಮೊದಲನೆಯವಳಾಗಿ ಪಾಸು ಮಾಡಿದ್ದಳು. ಸಿಸ್ಟರುಗಳ ಶಾಲೆಯಲ್ಲಿ ಏಳನೆಯದಕ್ಕೆ ಸೀಟು ಸಿಕ್ಕಿತ್ತು. ಆ ಶಾಲೆಯಲ್ಲಿ ಓದಿದ ಹುಡುಗಿಯರು ಟೀಚರಾಗಿದ್ದರು, ನರ್ಸಾಗಿದ್ದರು, ಒಬ್ಬಳು ಬೆಂಗಳೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆಂದು ಓಬಯ್ಯ ಹೇಳಿದ್ದ. ಅರ್ಜಿಯಲ್ಲಿ ಮುದ್ದಪ್ಪ ಮಗಳ ಹೆಸರನ್ನು ಕಾಟಮ್ಮ ಎಂದು ಬರೆಯಲು ಹೋಗಿ, ಪೆನ್ನು ಅಲ್ಲೇ ನಿಲ್ಲಿಸಿ, ಎಂ. ಕಾತ್ಯಾಯಿನಿ ಎಂದು ಬರೆದಿದ್ದ. ತನ್ನ ಅಜ್ಜಿಯ ಹೆಸರನ್ನು ಅಳಿಸಿದ ಹಾಗೆನಿಸಿ ಆ ದಿನ ಊಟ ಸೇರಲಿಲ್ಲ. ಆದರೂ ಅವನ ಮನಸ್ಸಿನಲ್ಲಿ ಒಂದು ಮಾತ್ರ ಗಟ್ಟಿಯಾಗಿತ್ತು, ಕಾಟಿ ಓದು ಬಿಡಬಾರದು. ಅದಕ್ಕೆ ಮನೆ ಬೇಕು, ಮನೆಗೆ ಹೊರಗಡೆ ಬೇಕು, ಹೊರಗಡೆ ಎಂಬುದನ್ನು ಬಾಯಿಬಿಟ್ಟು ಕೇಳದೆ ಅದು ಸಿಗಬೇಕು.

ಹೀಗೆ ಕೇಳದೆ ಕೇಳುತ್ತ ಎಂಟು ಭಾನುವಾರ ತಿರುಗಿದ್ದ. ಕೆಳಗೋಟೆಯ ಆಚೆ ಒಂದು ಮನೆ ಬಹುತೇಕ ಕುದುರಿತ್ತು. ಒಬ್ಬ ವಿಧವೆ ಹೆಂಗಸಿನದು. ಹಿಂದೆ ಒಂದು ಕೋಣೆಯೂ ಇತ್ತು, ಬಾಡಿಗೆಯೂ ಕಡಿಮೆ. ಮಾತೆಲ್ಲ ಮುಗಿದ ಮೇಲೆ ಆಕೆ ಒಳಗೆ ಹೋಗಿ ಎರಡು ಕೋಳಿಮೊಟ್ಟೆ ತಂದು, ಮಗೀಗೆ ಕೊಡ್ರಿ, ಮನೇದೇ ಕೋಳಿ, ಎಂದು ಅವನ ಅಂಗೈಯಲ್ಲಿಟ್ಟಳು. ಆಗ ಆ ಹಿಂದಿನ ಕೋಣೆ ಕೋಳಿ ಕೂಡುವ ಜಾಗವೆಂದು ಅವನಿಗೆ ತಿಳಿಯಿತು. ಅವರ ಹಟ್ಟಿಯೊಳಕ್ಕೆ ಕೋಳಿ ಬರುವ ಹಾಗಿಲ್ಲ, ದಾರಿ ತಪ್ಪಿ ಬಂದರೂ ದೊಡ್ಡ ರಂಪ. ಬೇಡವೆನ್ನಬಹುದಿತ್ತು. ನಮ್ಮಲ್ಲಿ ಆಗುವುದಿಲ್ಲ ತಾಯಿ ಎಂದರೆ ಆಕೆ ನುಂಗಿಬಿಡುತ್ತಿರಲಿಲ್ಲ. ಅವನು ಹಲ್ಲು ಕಿರಿದು, ಥ್ಯಾಂಕ್ಸ್ ಎಂದು, ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದ. ಬೆಚ್ಚಗಿದ್ದವು. ರಸ್ತೆ ತಿರುವಿನಲ್ಲಿ ಕಳ್ಳಿಬೇಲಿಯ ಬುಡದಲ್ಲಿ ಬಗ್ಗಿ ಎರಡನ್ನೂ ಮೆತ್ತಗೆ ಇಟ್ಟು ಎದ್ದು ನಿಂತಾಗ, ಆಕೆ ಇನ್ನೂ ಗೇಟಿನ ಹತ್ತಿರವೇ ನಿಂತು ನೋಡುತ್ತಿದ್ದದ್ದು ಕಂಡಿತು. ಅಷ್ಟು ದೂರದಿಂದ ಮುಖ ಕಾಣುತ್ತಿರಲಿಲ್ಲ. ಆಕೆ ಒಳಗೆ ಹೋದಳು. ಆ ಮನೆ ಏನಾಯಿತೆಂದು ಓಬಯ್ಯ ಕೇಳಿದ್ದಕ್ಕೆ ಅಲ್ಲಿ ನೀರಿಲ್ಲ ಎಂದ.

"ಅಪ್ಪ, ಇದೇನಾ ಟ್ಯಾಂಕು?"

ಇದೇ. ಟ್ಯಾಂಕಿನ ಬುಡದಲ್ಲಿ ನೀರು ಸೋರಿ ಒಂದಿಷ್ಟು ಹಸಿರು. ಅಲ್ಲಿಂದಾಚೆ ಕಲ್ಲುನೆಲದಲ್ಲಿ ಸಾಲು ಹಿಡಿದ ಹೊಸ ಮನೆಗಳು, ಸುಣ್ಣ ಇನ್ನೂ ಹಳದಿಯಾಗಿಲ್ಲ. ಹಿಂದೆ ಕೋಟೆಯ ಬಂಡೆಗಳು ಬಿಸಿಲಿಗೆ ಕಾದು ನಿಂತಿದ್ದವು. ಪಾಲಮ್ಮ ಹತ್ತಿರ ಬರಲಿ ಎಂದು ನಿಂತ. ಈಗ ಹೇಳಿಬಿಡಬಹುದು. ಹಿಂಗಿಂಗೆ, ನಾನು ಸೌದೆ ಅಂದಿದ್ದೀನಿ, ನೀನೂ ಸೌದೆ ಅನ್ನು, ಬಂದ ಮೇಲೆ ನಿನ್ನಿಷ್ಟ. ನಾಲ್ಕು ಮಾತು. ಅವಳು ಬಂದು ನಿಂತು ಸೆರಗಿನಿಂದ ಕತ್ತು ಒರೆಸಿಕೊಂಡಳು. ಚಿಕ್ಕಂದಿನಿಂದಲೂ ಅವನನ್ನು ಮಾವ ಎಂದೇ ಕರೆದವಳು. ಪೇಟೆಗೆ ಬಂದ ಹೊಸತರಲ್ಲಿ, ಇಲ್ಲಿ ಹಂಗೆಲ್ಲ ಕರೀಬೇಡ, ಏನ್ರಿ ಅನ್ನು ಎಂದು ಅವನು ಹೇಳಿಕೊಟ್ಟ ಮೇಲೆ, ಪೇಟೆಯ ಜನರ ಎದುರು ಏನೂ ಕರೆಯುವುದನ್ನೇ ಬಿಟ್ಟಿದ್ದಳು. "ಬಿಸಿಲು ಜಾಸ್ತಿಯಾಯ್ತಾ?" ಎಂದ. "ನನಗೇನು ಬಿಸಿಲು," ಎಂದಳು. ಅಷ್ಟು ಹೊತ್ತಿಗೆ ಗೇಟು ಕಿರುಗುಟ್ಟಿ ತಿಪ್ಪೇರುದ್ರಪ್ಪನವರೇ ಹೊರಗೆ ಬಂದಿದ್ದರು.

"ಬರ್ರಿ ಬರ್ರಿ, ಏನು ಬಿಸಿಲಾಗೆ ನಡಕಂಡೇ ಬಂದ್ರಲ್ಲ. ಕುಂತ್ಕಳ್ರಿ. ಏಕಮ್ಮಾ, ಬಂದ್ರು ನೋಡು, ನೀರು ತಗಂಬಾ." ಅರಣ್ಯ ಇಲಾಖೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮುಂದಿನ ಭಾಗದಲ್ಲಿ ತಾವಿದ್ದು ಹಿಂದಿನದನ್ನು ಬಾಡಿಗೆಗೆ ಕಟ್ಟಿಸಿದ್ದರು. ಅವರ ಹೆಂಡತಿ ಏಕನಾಥಮ್ಮ ತಂಬಿಗೆಯಲ್ಲಿ ನೀರು ತಂದಿಟ್ಟು, ಪಾಲಮ್ಮನನ್ನು ಒಂದು ಸಲ ಮೇಲಿಂದ ಕೆಳಕ್ಕೆ ನೋಡಿ, ಕಾಟಿಯ ಗಲ್ಲ ಸವರಿ, "ನೀನೇನಾ ಕಾತ್ಯಾಯಿನಿ?" ಎಂದರು. ಕಾಟಿ ಅಪ್ಪನ ಮುಖ ನೋಡಿ ಹೂಂ ಎಂದಳು. "ನೀವು ಮಾತಾಡ್ತಿರ್ರಿ, ನಾನು ಇವರಿಗೆ ಮನೆ ತೋರಿಸ್ಕಂಡು ಬರ್ತೀನಿ," ಎಂದು ಆಕೆ ಇಬ್ಬರನ್ನೂ ಕರೆದುಕೊಂಡು ಹಿಂದಕ್ಕೆ ಹೋದರು. ಮುದ್ದಪ್ಪನೂ ಏಳಲು ಹೋದ. ತಿಪ್ಪೇರುದ್ರಪ್ಪ ಅವನ ತೋಳು ಹಿಡಿದು ಕೂರಿಸಿ, ಸಾಯಂಕಾಲ ಬ್ಯಾಂಕಿನವರೊಬ್ಬರು ಬರುವುದಿದೆ, ತಾವು ಇನ್ನೂ ಮಾತು ಕೊಟ್ಟಿಲ್ಲ, ಮೊದಲು ಬಂದವರಿಗೆ ಮೊದಲು ಎಂಬ ಮನುಷ್ಯ ತಾವು, ಎಂದು ಶುರುಮಾಡಿದರು.

ಆಮೇಲೆ ಬಾವಿ ತೋಡಿಸಿದ ಕಥೆ ಬಂತು. ಅರವತ್ತಡಿಗೆ ಬಂಡೆ ಸಿಕ್ಕಿದ್ದು, ಮದ್ದು ಹಾಕಿ ಸಿಡಿಸಿದ್ದು, ಪಕ್ಕದ ಮನೆಯವರ ಹೆಂಚು ಒಡೆದದ್ದು. ಮುದ್ದಪ್ಪನ ಕಿವಿ ಮನೆಯ ಒಳಗಿನ ಹೆಜ್ಜೆಗಳ ಹಿಂದೆಯೇ ಹೋಗುತ್ತಿತ್ತು. ಈಗ ಅಡಿಗೆಮನೆ. ಈಗ ಬಚ್ಚಲ ಬಾಗಿಲು ತೆರೆದ ಸದ್ದು. ಈಗ ಚಿಲಕ, ಹಿತ್ತಿಲು. ಕಾಟಿ ಹುಟ್ಟಿದ ತಿಂಗಳಲ್ಲೂ ಅವನು ಹೀಗೆ ಕಿವಿ ಕೊಟ್ಟು ನಿಂತಿದ್ದುಂಟು. ಹೊಸದಾಗಿ ಕೆಲಸಕ್ಕೆ ಸೇರಿದ್ದ. ಹೆರಿಗೆಯಾಯಿತೆಂದು ತಿಳಿದು ಶನಿವಾರ ಹಿರಿಯೂರಿನಲ್ಲಿಳಿದು ಒಂದು ಫ್ರಾಕು ಕೊಂಡು, ಜಿನುಗುವ ಮಳೆಯಲ್ಲಿ ನೆನೆದು ಹಟ್ಟಿ ಮುಟ್ಟಿದ. ಬಾಣಂತಿ ಮಗು ಇಬ್ಬರೂ ಹೊರಗಿನ ಗುಡ್ಲಲ್ಲಿ. ಸೋಗೆ ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಇವನು ಇಪ್ಪತ್ತು ಮಾರು ದೂರದಲ್ಲಿ ನಿಂತು ಕೆಮ್ಮಿದ. ಪಾಲಮ್ಮ ಬಾಗಿಲಿಗೆ ಬಂದು, ಬಟ್ಟೆ ಸುತ್ತಿದ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಮಾವ, ಹೆಣ್ಣು!" ಎಂದು ಕೂಗಿದಳು. ಮುಖ ಕಾಣಲಿಲ್ಲ. ಮಳೆಗೆ ಯಾರೂ ಹೊರಗೆ ಬಂದಿರಲಿಲ್ಲ, ನೋಡುವವರು ಒಬ್ಬರೂ ಇರಲಿಲ್ಲ, ಹೋಗಬೇಡ ಎನ್ನುವವರೂ ಇರಲಿಲ್ಲ. ಐವತ್ತು ಹೆಜ್ಜೆ ಇಟ್ಟು ಆ ಮಾಡಿನ ಮೇಲೆ ಒಂದು ಗೋಣಿತಾಟನ್ನಾದರೂ ಎಳೆಯಬಹುದಿತ್ತು. ಅವನು ಫ್ರಾಕನ್ನು ಎಸೆದ. ಅದು ನಡುವೆಯೇ ಕೆಸರಿಗೆ ಬಿತ್ತು. ಪಾಲಮ್ಮ ನಕ್ಕಳು. ಆ ನಗು ನೆನೆದಾಗಲೆಲ್ಲ, ಅವಳು ಅವತ್ತೇ ತನ್ನನ್ನು ಇಷ್ಟೇ ಎಂದು ಅಳೆದುಬಿಟ್ಟಳೇನೋ ಎಂದು ಅವನಿಗೆ ಅನ್ನಿಸುತ್ತದೆ.

"ಏನಂತೀರಿ?" ಎಂದರು ತಿಪ್ಪೇರುದ್ರಪ್ಪ.

"ಹೌದು, ಮಳೆ ಬಂದ್ರೆ ಕಷ್ಟ," ಎಂದ ಮುದ್ದಪ್ಪ.

ಅವರು ಕೇಳಿದ್ದು ಕರೆಂಟಿನ ಮೀಟರಿನ ವಿಷಯ. ಅವರು ಇವನ ಮುಖವನ್ನೇ ನೋಡುತ್ತಿರುವಾಗ ಹಿತ್ತಿಲಿನಿಂದ ಏಕನಾಥಮ್ಮನವರ ನಗು, ಅದರ ಹಿಂದೆಯೇ, "ಕೇಳಿಸ್ತೇನ್ರಿ, ಸ್ವಲ್ಪ ಇಬ್ಬರೂ ಇಲ್ಲಿಗೆ ಬರ್ರಿ," ಎಂಬ ಕೂಗು. ಮುದ್ದಪ್ಪನೇ ಮೊದಲು ಎದ್ದ. ಒಳಗೆ ನಡೆಯುವಾಗ ಈ ಕೋಣೆ ಒಳ್ಳೆಯದು, ಈ ಕಿಟಕಿಗೆ ಗಾಳಿ ಬರುತ್ತದೆ, ಇಲ್ಲಿ ಕಾಟಿಯ ಮೇಜು ಹಾಕಬಹುದು, ಎಂದೆಲ್ಲ ಕಂಡದ್ದು, ಇನ್ನೆರಡು ನಿಮಿಷಕ್ಕೆ ಕೈಬಿಟ್ಟು ಹೋಗುವ ವಸ್ತುವನ್ನು ಕೊನೇ ಸಲ ನೋಡುವಾಗಿನ ಆಸೆಯಿಂದ. ಹಿತ್ತಿಲಲ್ಲಿ ನುಗ್ಗೆಗಿಡ, ಒಗೆಯುವ ಕಲ್ಲು, ಅದರಾಚೆ ಶೆಡ್ಡು. ಮನೆ ಕಟ್ಟುವಾಗ ಸಿಮೆಂಟ್ ಚೀಲ ಇಡಲು ಹಾಕಿದ್ದು. ಕಿಟಕಿಯಿಲ್ಲ, ತಗಡಿನ ಬಾಗಿಲು. ಅದರ ಮುಂದೆ ಇಬ್ಬರು ಹೆಂಗಸರು ನಿಂತಿದ್ದರು.

"ಅಲ್ಲ, ನೀವು ಇದು ಸೌದೆಗೆ ಬೇಕು ಅಂದಿದ್ರಂತೆ," ಎಂದರು ಏಕನಾಥಮ್ಮ ಮುದ್ದಪ್ಪನಿಗೆ. "ಇದರ ತುಂಬ ಸೌದೆ ಒಟ್ಟಿದ್ರೆ ಏನು, ದಿನಾ ಮದುವೆ ಅಡಿಗೆ ಮಾಡ್ತೀರೇನಮ್ಮ ಅಂತ ಕೇಳಿದೆ. ಇವರು ಮಾತೇ ಆಡವಲ್ರು."

ಪಾಲಮ್ಮ ಗಂಡನನ್ನು ನೋಡಿದಳು. ಸಿಟ್ಟಿನ ನೋಟವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಹಾದಿಯಲ್ಲಿ ಪರಿಚಯದವನೆಂದು ತಿಳಿದು ಹತ್ತಿರ ಹೋದಾಗ ಬೇರೆಯವನಾಗಿದ್ದರೆ ನೋಡುವ ಹಾಗೆ ನೋಡಿದಳು. ಮುದ್ದಪ್ಪ ಮಾತಾಡತೊಡಗಿದ. "ಸೌದೆ ಅಂದ್ರೆ ಬರೀ ಸೌದೆ ಅಲ್ಲಮ್ಮ, ಹೊಟ್ಟು... ಬೆರಣಿ... ಮಳೆಗಾಲಕ್ಕೆ ಸೈಕಲ್ಲು... ಊರಿಂದ ಕಾಳುಕಡ್ಡಿ ಬಂದ್ರೆ..." ಒಂದೊಂದು ಸಾಮಾನು ಹೇಳಿದಂತೆಲ್ಲ ಆ ಶೆಡ್ಡು ತುಂಬುತ್ತ ಬಂದು ಕೊನೆಗೆ ಅದರಲ್ಲಿ ಒಬ್ಬ ಹೆಂಗಸು ಕೂರಲು ಜಾಗವೇ ಇಲ್ಲವಾಯಿತು. ತಾನೇ ನಾಚಿ ನಿಲ್ಲಿಸಿದ.

"ಸೌದೆಗಲ್ಲ ಕಣಮ್ಮ," ಎಂದಳು ಪಾಲಮ್ಮ. "ನಾವು ಹಟ್ಟಿ ಜನ. ಹೊರಗಾದಾಗ ಮೂರು ದಿನ ಮನೆ ಒಳಕ್ಕೆ ಬರಂಗಿಲ್ಲ. ಅದಕ್ಕೆ ಇದು ಬೇಕು. ಮಾವ ಹೇಳಾಕೆ ನಾಚ್ಕಂಡೈತೆ."

ಮಾವ ಎಂಬ ಮಾತು ಹಿತ್ತಿಲಲ್ಲಿ ಸ್ಪಷ್ಟವಾಗಿ ಕೇಳಿತು. ಮುದ್ದಪ್ಪ ನುಗ್ಗೆಗಿಡದ ಕಡೆ ತಿರುಗಿದ. ಇನ್ನೇನು, ಮುಗಿಯಿತು. ಬ್ಯಾಂಕಿನವರು ಸಾಯಂಕಾಲ ಬರುತ್ತಾರೆ.

"ಅಯ್ಯೋ, ಇಷ್ಟೇ ತಾನೆ!" ಎಂದರು ಏಕನಾಥಮ್ಮ. "ಇದಕ್ಕೆ ಸೌದೆ ಗೀದೆ ಅಂತ ಯಾಕೆ ಸುತ್ತಬೇಕು? ನಮ್ಮತ್ತೆ ಇರಾಗಂಟ ನಾನೂ ದನದ ಕೊಟ್ಟಿಗೇಲೆ ಕುಂತೋಳು. ಈಗಿನೋರಿಗೆ ಹೇಳಿದ್ರೆ ನಗ್ತಾರೆ. ಇದನ್ನ ಗುಡಿಸಿ ಸಾರಿಸಿ ಕೊಡ್ತೀನಿ, ಧಾರಾಳವಾಗಿ ಇಟ್ಕಳ್ಳಮ್ಮ."

ತಿಪ್ಪೇರುದ್ರಪ್ಪನವರಂತೂ ಮುದ್ದಪ್ಪನ ಬೆನ್ನು ತಟ್ಟಿದರು. "ಏನ್ ಮಹರಾಯ್ರೆ, ಇದನ್ನ ಹೇಳಾಕೆ ಸಂಕೋಚನಾ? ಇವತ್ತಿನ ಕಾಲದಾಗೆ ಇಷ್ಟು ಶುದ್ಧ ಇಟ್ಕಂಡಿರೋರು ಎಲ್ಲಿ ಸಿಗ್ತಾರೆ? ನನಗೆ ಇಂಥೋರೇ ಬೇಕಾಗಿದ್ದು. ಬ್ಯಾಂಕಿನೋರಿಗೆ ಇಲ್ಲ ಅಂತೀನಿ, ಹೋಗ್ರಿ, ಒಳ್ಳೇ ದಿನ ನೋಡಿ ಹಾಲುಕ್ಕಿಸಿ."

ಮುದ್ದಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಹಗುರಾಯಿತು, ಆ ಹಗುರದ ಹಿಂದೆಯೇ ಹೊಸದೊಂದು ನಾಚಿಕೆ ಬಂತು. ಐದು ವರ್ಷ ಯಾವುದಕ್ಕೆ ತಲೆ ತಗ್ಗಿಸಿ ನಡೆದಿದ್ದನೋ, ಯಾವುದಕ್ಕಾಗಿ ಅಕ್ಕನಿಗೆ ಲಕ್ವ ಹೊಡೆಸಿದ್ದನೋ, ಅದನ್ನು ಇವಳು ಒಗೆಯುವ ಕಲ್ಲಿನ ಪಕ್ಕ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು. ಹಾಗಾದರೆ ಓಬಯ್ಯನ ಮುಂದೆ ತಾನು ಜೋರಾಗಿ ನಕ್ಕದ್ದು ಯಾತಕ್ಕೆ? ಹೋಗಲಿ, ಅದೆಲ್ಲ ಆಯಿತು. ಮನೆ ಸಿಕ್ಕಿತು. ಶಾಲೆ ಸಿಕ್ಕಿತು. ಜೂನ್ ಒಂದರಿಂದ ಬೆಳಿಗ್ಗೆ ಒಂಬತ್ತೂವರೆಗೆ ಸೈಕಲ್ ಹತ್ತಿದರೆ ಸಾಕು. ಅವನು ಸಂತೋಷದಿಂದ ಹೆಂಡತಿಯ ಕಡೆ ನೋಡಿದ. ಅವಳು ಶೆಡ್ಡಿನ ಬಾಗಿಲನ್ನು ಅಲ್ಲಾಡಿಸಿ ಚಿಲಕ ಗಟ್ಟಿಯಾಗಿದೆಯೇ ಎಂದು ನೋಡುತ್ತಿದ್ದಳು.

"ಮಗೀಗೆ ಎಷ್ಟು ವರ್ಷ?" ಎಂದರು ಏಕನಾಥಮ್ಮ.

"ಬರೋ ಆಷಾಢಕ್ಕೆ ಹನ್ನೆರಡು ತುಂಬ್ತೈತೆ."

"ಹಂಗಾದ್ರೆ ಇನ್ನೇನು, ವರ್ಷೊಪ್ಪತ್ತು. ಇದು ಇಬ್ಬರಿಗೂ ಆಗ್ತೈತೆ ಬಿಡು."

ಆಗ ಮುದ್ದಪ್ಪ ಮಗಳನ್ನು ಹುಡುಕಿದ. ಅವಳು ಯಾವಾಗಲೋ ಶೆಡ್ಡಿನೊಳಗೆ ಹೋಗಿದ್ದಳು. ಹೊರಗಿನ ಬಿಸಿಲಿಗೆ ಒಳಗಿನ ಕತ್ತಲೆ ಕಾಣದೆ ಕಣ್ಣು ಕಿರಿದು ಮಾಡಬೇಕಾಯಿತು. ಮೂಲೆಯಲ್ಲಿ, ಗಟ್ಟಿಯಾಗಿ ಹೋದ ಸಿಮೆಂಟಿನ ಒಂದು ಚೀಲದ ಪಕ್ಕ, ಹಬ್ಬದ ಲಂಗ ಮಣ್ಣಾಗುವುದನ್ನೂ ಲೆಕ್ಕಿಸದೆ, ಮೊಣಕಾಲು ಕಟ್ಟಿಕೊಂಡು ಕೂತು ನೋಡುತ್ತಿದ್ದಳು. ಅಲ್ಲಿ ಹೇಗಿರುತ್ತದೆ ಎಂದು ಸುಮ್ಮನೆ ಕೂತು ನೋಡುತ್ತಿದ್ದ ಹಾಗಿತ್ತು. ಅವನು ಎಂಟು ಭಾನುವಾರ ಈ ಚೌಕದ ಬಗ್ಗೆಯೇ ಯೋಚಿಸಿದ್ದ. ಯಾರಿಗೆ ತಿಳಿದರೆ ಏನು ಅನ್ನುತ್ತಾರೆ ಎಂದು ಯೋಚಿಸಿದ್ದ. ಇದರ ಒಳಗೆ ಯಾರು ಕೂರುತ್ತಾರೆ ಎಂಬುದು ಗೊತ್ತಿದ್ದೂ, ಅದನ್ನು ಒಮ್ಮೆಯೂ ಕಣ್ಣ ಮುಂದೆ ತಂದುಕೊಂಡಿರಲಿಲ್ಲ. ತನ್ನ ನಾಚಿಕೆಯೆಲ್ಲ ಇಷ್ಟು ದಿನ ತಪ್ಪು ಜಾಗದಲ್ಲಿತ್ತು ಎಂದು ಅವನಿಗೆ ಆ ಬಿಸಿಲಲ್ಲಿ ಅನ್ನಿಸಿತು.

"ಅಪ್ಪ," ಎಂದಳು ಕಾಟಿ ಒಳಗಿನಿಂದ. "ಇಲ್ಲಿ ಕುಂತಾಗ ಇಸ್ಕೂಲಿಗೆ ಹೋಗಬೌದಾ? ಪುಸ್ತಕ ಮುಟ್ಟಬೌದಾ?"

ತಿಪ್ಪೇರುದ್ರಪ್ಪ ನಕ್ಕು, ಇದು ಹೆಂಗಸರ ವಿಚಾರ ಎನ್ನುವಂತೆ ಟವೆಲ್ ಕೊಡವಿಕೊಂಡರು. ಏಕನಾಥಮ್ಮ ಪಾಲಮ್ಮನ ಕಡೆ ನೋಡಿದರು. ಪಾಲಮ್ಮ ಚಿಲಕದ ಮೇಲಿದ್ದ ಕೈಯನ್ನು ಹಾಗೇ ಇಟ್ಟುಕೊಂಡು ಗಂಡನ ಕಡೆ ತಿರುಗಿದಳು. ಆ ಮುಖವನ್ನು ಅವನು ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ದೇವರು, ಪದ್ಧತಿ, ಕೆಡಿಸಲಾಗದ ಮನೆ, ಎಲ್ಲವನ್ನೂ ತಾನೊಬ್ಬಳೇ ಹೊತ್ತು ನಿಂತವಳು, ಈ ಒಂದನ್ನು ನೀನು ಹೇಳು, ನೀನು ಹೇಳಿದರೆ ನಾನು ಬೇಡವೆನ್ನುವುದಿಲ್ಲ ಎಂದು ಕೇಳಿಕೊಳ್ಳುತ್ತಿದ್ದಳು. ತಾನೇ ಹೋಗು ಎಂದು ಹೇಳುವ ಧೈರ್ಯ ಅವಳಿಗಿರಲಿಲ್ಲ. ಅವನು ಹೇಳಲಿ ಎಂಬ ಆಸೆ ಇತ್ತು. ಅದು ಅವನಿಗೆ ನೆತ್ತಿಯ ಮೇಲಿನ ಬಿಸಿಲಷ್ಟೇ ನಿಚ್ಚಳವಾಗಿ ತಿಳಿಯಿತು. ಹೋಗಬೌದು ಎಂಬ ಒಂದೇ ಒಂದು ಮಾತು. ಅದು ಬಾಯಿಯವರೆಗೂ ಬಂದಿತ್ತು. ಹಟ್ಟಿಯ ಹಿರಿಯರಿಗೆ ತಿಳಿದರೆ, ದೊಡ್ಡಕ್ಕನಿಗೆ ತಿಳಿದರೆ, ಈಗಷ್ಟೇ ಶುದ್ಧದ ಜನ ಎಂದು ಬೆನ್ನು ತಟ್ಟಿದ ಈ ದೊಡ್ಡಮನುಷ್ಯರು ಏನೆಂದುಕೊಂಡಾರು, ಮನೆ ಕೈತಪ್ಪಿದರೆ, ಎಂದು ಒಂದು ಕ್ಷಣ ತಡೆದ.

"ಅದನ್ನೆಲ್ಲ ನಿಮ್ಮವ್ವನ್ನ ಕೇಳಮ್ಮ," ಎಂದ. ಎಂದವನೇ ತಿಪ್ಪೇರುದ್ರಪ್ಪನವರ ಕಡೆ ತಿರುಗಿ, ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದ.

ಅವರು ಬೆಳಿಗ್ಗೆ ಆರಕ್ಕೆ ಬಂದು ಏಳೂವರೆಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಮಾತ್ರ ಎರಡು ದಿನಕ್ಕೊಮ್ಮೆ ಎಂದು ಹೇಳುತ್ತಿದ್ದರು. ಹೂಂ ಹೂಂ ಎನ್ನುತ್ತ ಮುದ್ದಪ್ಪ ಬೆನ್ನ ಹಿಂದಿನ ಮಾತಿಗೆ ಕಿವಿಯಿಟ್ಟು ಕಾದ. ಲಂಗ ಕೊಡವುವ ಸದ್ದು ಕೇಳಿತು. ಕಾಟಿ ಶೆಡ್ಡಿನಿಂದ ಹೊರಗೆ ಬಂದು, ಅವ್ವನ ಪಕ್ಕದಲ್ಲೇ ಹಾದು, ತಗಡಿನ ಬಾಗಿಲನ್ನು ತಾನೇ ಮುಂದೆ ಎಳೆದು ಚಿಲಕ ಹಾಕಿದಳು. ಅವಳು ಅವ್ವನನ್ನು ಏನೂ ಕೇಳಲಿಲ್ಲ.